ಮದುವೆಯಾಗದ ಅಕ್ಕ ಕಳಸ ಹಿಡಿಯಬಾರದೇ?

ಪ್ರಶ್ನೆ: ಮೇಡಂ, ನನಗೆ 32 ವರ್ಷ. ಊರು ಮಂಡ್ಯದ ಕಡೆ, ಕೆಲಸ ಬೆಂಗಳೂರಿನಲ್ಲಿ. ನನಗಿನ್ನೂ ಮದುವೆಯಾಗಿಲ್ಲ, ಸದ್ಯಕ್ಕೆ ಆಗುವ ಯೋಚನೆಯೂ ಇಲ್ಲ. ತಂಗಿಗೆ ಸಂಬಂಧ ಕೂಡಿ ಬಂದು ಫೆಬ್ರವರಿಯಲ್ಲಿ ಮದುವೆ ಇಟ್ಟಿದ್ದಾರೆ. "ಅಕ್ಕಾ, ನೀನೇ ಕಳಸಗಿತ್ತಿ ಆಗ್ಬೇಕು" ಅಂತ ತಂಗಿ ಹಟ ಹಿಡಿದಿದ್ದಾಳೆ. ನನಗೂ ಆಸೆ ಇದೆ. ಆದರೆ ನಮ್ಮ ಸೋದರತ್ತೆ, ಮದುವೆಯಾಗದೆ ಉಳಿದ ಅಕ್ಕ ಕಳಸ ಹಿಡಿದರೆ ಅವಳಿಗೆ ಮದುವೆಯೇ ಆಗುವುದಿಲ್ಲ, ತಂಗಿಯ ಸಂಸಾರಕ್ಕೂ ಒಳ್ಳೆಯದಲ್ಲ ಅನ್ನುತ್ತಾರೆ. ಹುಡುಗನ ಮನೆಯವರು, ಕಳಸ ಹಿಡಿಯುವುದು ತಮ್ಮ ಹುಡುಗಿಯ ಹಕ್ಕು ಅಂತಾರೆ. ಇದರ ಮಧ್ಯೆ ವೆಡ್ಡಿಂಗ್ ಪ್ಲಾನರ್ ಒಬ್ಬರು ತಂಗಿಯ ಐದು ಜನ ಗೆಳತಿಯರನ್ನು ಬ್ರೈಡ್ಸ್‌ಮೇಡ್ ಮಾಡಿ, ಎಲ್ಲರಿಗೂ ಒಂದೇ ಬಣ್ಣದ ಲೆಹೆಂಗಾ ಹಾಕಿಸೋಣ ಅಂದಿದ್ದಾರೆ. ಒಂದಕ್ಕೆ 12,000 ರೂಪಾಯಿ, ಅವರವರೇ ಕೊಡಬೇಕಂತೆ. ಇದು ರೋಮನ್ನರ ಕಾಲದಿಂದ ಬಂದದ್ದು, ಮದುಮಗಳಿಗೆ ದೃಷ್ಟಿ ತಾಗದಿರಲಿ ಅಂತ ಮಾಡುವುದು ಅಂತಲೂ ಹೇಳಿದರು. ನಿಜವೇ? ಇನ್ನೊಂದು ವಿಷಯ, ನನ್ನ ಲೆಕ್ಕದ ಪ್ರಕಾರ ಧಾರೆಯ ದಿನವೇ ನನಗೆ ಮುಟ್ಟು ಬರಬಹುದು. ಅಮ್ಮ ಮಾತ್ರೆ ತಗೋ ಅಂತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕಿವೆ. ಓದುತ್ತಾ ಹೋದಂತೆ ನನಗೆ ಕಂಡ ಭಯ ಒಂದೇ. ನಿಮ್ಮ ಮದುವೆ ತಡವಾಗುತ್ತದೆ ಅನ್ನುವ ಚಿಂತೆ ನಿಮಗಿಲ್ಲ. ನಾಳೆ ತಂಗಿಯ ಸಂಸಾರದಲ್ಲಿ ಏನಾದರೂ ಸಣ್ಣಪುಟ್ಟ ತೊಂದರೆ ಬಂದರೆ, "ಅವತ್ತೇ ಹೇಳಿದ್ದೆ, ಕಳಸ ಹಿಡಿದವಳು ಯಾರು ನೋಡಿ" ಅಂತ ಯಾರಾದರೂ ಅಂದುಬಿಟ್ಟರೆ ಅನ್ನುವುದು ನಿಮ್ಮ ಚಿಂತೆ. ಅಲ್ವಾ?

ಅದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಮದುವೆಯಾಗದ ಅಕ್ಕ ಕಳಸ ಹಿಡಿಯಬಾರದು ಅನ್ನುವ ಮಾತಿಗೆ ಮದುವೆಯ ಮಂತ್ರಭಾಗದಲ್ಲಿ ಯಾವ ಆಧಾರವೂ ಇಲ್ಲ. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ಕಳಸಗಿತ್ತಿಯಾಗಿ ನಿಲ್ಲುವುದು ಹೊಸದೂ ಅಲ್ಲ, ಅಪರೂಪವೂ ಅಲ್ಲ. ನೀವು ನಿಲ್ಲಬಹುದು. ಆದರೆ ಈ ಮಾತನ್ನು ಮದುವೆಗೆ ಮುಂಚೆಯೇ ಮನೆಯಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು. ಮಂಟಪದ ಹತ್ತಿರ ಇತ್ಯರ್ಥ ಮಾಡಲು ಹೊರಟರೆ ನಿಮಗೂ ನೋವು, ತಂಗಿಗೂ ನೋವು.

ಹೆಣ್ಣಿನ ಮನೆಯವರ ಪರವಾಗಿ ಶಾಸ್ತ್ರದ ಸಾಮಾನು, ಸಮಯ, ಜನ ಎಲ್ಲ ಹೊಂದಿಸಿಕೊಡುವುದು ನನ್ನ ಕೆಲಸ. ಮದುವೆಮನೆಯಲ್ಲಿ ಅಡುಗೆಯವರ ಜೊತೆ, ಪುರೋಹಿತರ ಜೊತೆ ಬರುವ ಜಗಳ ಬೇಗ ಬಗೆಹರಿಯುತ್ತದೆ. ಕಳಸಗಿತ್ತಿ ಯಾರು ಅನ್ನುವ ಜಗಳ ಹಾಗಲ್ಲ. ಅದು ವರ್ಷಗಟ್ಟಲೆ ಉಳಿಯುತ್ತದೆ. ಯಾಕಂದರೆ ಅಲ್ಲಿ ಪ್ರಶ್ನೆ ಚೊಂಬಿನದ್ದಲ್ಲ, ಮದುಮಗಳಿಗೆ ಯಾರು ಹತ್ತಿರದವರು ಅನ್ನುವುದರದ್ದು.

ಕಳಸಗಿತ್ತಿಯ ಕೆಲಸ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಅರ್ಧ ಗೊಂದಲಕ್ಕೆ ಉತ್ತರ ಅಲ್ಲೇ ಇದೆ.

ಜನಕ್ಕೆ ಕಾಣುವುದು ಕಳಸ ಮಾತ್ರ. ತಾಮ್ರದ್ದೋ ಬೆಳ್ಳಿಯದ್ದೋ ಒಂದು ಚೊಂಬು, ಒಳಗೆ ನೀರು, ಬಾಯಿಗೆ ವೀಳ್ಯದೆಲೆ ಅಥವಾ ಮಾವಿನೆಲೆ, ಮೇಲೆ ಜುಟ್ಟು ಬಿಟ್ಟ ತೆಂಗಿನಕಾಯಿ, ಅರಿಶಿನ, ಕುಂಕುಮ. ತಟ್ಟೆಯಲ್ಲಿ ಅಕ್ಕಿ ಹರಡಿ ಅದರ ಮೇಲೆ ಇದನ್ನು ಕೂರಿಸುತ್ತಾರೆ. ಕೆಲವು ಮನೆಗಳಲ್ಲಿ ಪಕ್ಕದಲ್ಲಿ ಒಂದು ಕನ್ನಡಿ ಇರುತ್ತದೆ. ಕರಾವಳಿ, ಮಲೆನಾಡಿನ ಕಡೆ ಕಳಸ-ಕನ್ನಡಿ ಅಂತ ಜೊತೆಯಾಗಿಯೇ ಹೇಳುವುದು. ಮದುಮಗಳು ಹಸೆಮಣೆಗೆ ಬರುವಾಗ ಇದನ್ನು ಹಿಡಿದುಕೊಂಡು ಬರುವವಳು, ಧಾರೆ ಮುಗಿಯುವವರೆಗೆ ಅವಳ ಹತ್ತಿರವೇ ಇರುವವಳು ಕಳಸಗಿತ್ತಿ.

ಆದರೆ ಅವಳ ಕೆಲಸ ಹಿಂದಿನ ದಿನವೇ ಶುರುವಾಗಿರುತ್ತದೆ. ಅರಿಶಿನ ಹಚ್ಚುವಾಗ ಕಣ್ಣಿಗೆ ಹೋಗದ ಹಾಗೆ ನೋಡಿಕೊಳ್ಳುವುದು, ಬಳೆ ತೊಡಿಸುವಾಗ ಪಕ್ಕದಲ್ಲಿ ಕೂರುವುದು, ರಾತ್ರಿ ಜೊತೆಗೆ ಮಲಗುವುದು. ಬೆಳಗ್ಗೆ ಬಾಸಿಂಗದ ದಾರ ಕಿವಿಯ ಹಿಂದೆ ಕೊರೆಯುತ್ತಿದ್ದರೆ ಮದುಮಗಳು ಯಾರಿಗೆ ಹೇಳಬೇಕು? ಮೊಗ್ಗಿನ ಜಡೆ ಭಾರಕ್ಕೆ ಕತ್ತು ಎಳೆಯುತ್ತಿದ್ದರೆ? ಬೆವರು ಒರೆಸಲು ಕರ್ಚೀಫು, ಬಿಚ್ಚಿಕೊಂಡ ನೆರಿಗೆಗೆ ಪಿನ್ನು, ತುಟಿಯ ಬಣ್ಣ ಹೋಗದ ಹಾಗೆ ನೀರು ಕುಡಿಯಲು ಒಂದು ಸ್ಟ್ರಾ, ಎಲ್ಲ ಅವಳ ಹತ್ತಿರ ಇರಬೇಕು. ಅಂತರಪಟ ಸರಿಯುವ ಗಳಿಗೆಯಲ್ಲಿ ಜೀರಿಗೆ-ಬೆಲ್ಲ ಮದುಮಗಳ ಕೈಯಲ್ಲಿ ಇರಬೇಕು. ಕೈ ಬೆವರಿ ಅದು ಅಂಟಿಕೊಂಡಿದ್ದರೆ ಮೆಲ್ಲಗೆ ಬಿಡಿಸಿಕೊಡುವವಳು ಇವಳೇ. ಅಷ್ಟು ಜನರ ನಡುವೆ ಮದುಮಗಳು ಬಾಯಿಬಿಟ್ಟು ಏನನ್ನೂ ಕೇಳುವ ಹಾಗಿರುವುದಿಲ್ಲ. ಅವಳು ಕಣ್ಣು ಮಿಟುಕಿಸಿದರೆ ಸಾಕು, ಅರ್ಥವಾಗುವವಳು ಒಬ್ಬಳು ಪಕ್ಕದಲ್ಲಿ ಬೇಕು.

ಇದು ಯಾಕೆ ಹುಟ್ಟಿತು ಅಂತ ಯೋಚಿಸಿ. ಮದುವೆ ನಾಲ್ಕೈದು ದಿನ ನಡೆಯುತ್ತಿದ್ದ ಕಾಲ ಅದು. ಹೆಣ್ಣು ಎಷ್ಟು ಚಿಕ್ಕವಳಿರುತ್ತಿದ್ದಳು ಗೊತ್ತೇ? ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಕಾಯ್ದೆ ತಂದಾಗ ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಗೆ ಮದುವೆ ಮಾಡಬಾರದು ಅಂತ ಹೇಳಬೇಕಾಯಿತು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯ್ದೆ ಅದನ್ನು ಹದಿನಾಲ್ಕು ಮಾಡಿತು. ಹದಿನೆಂಟು ಆಗಿದ್ದು 1978ರಲ್ಲಿ. ಅಂಥ ಪುಟ್ಟ ಹುಡುಗಿಯನ್ನು ಹೋಮದ ಹೊಗೆಯ ಮುಂದೆ ಗಂಟೆಗಟ್ಟಲೆ ಕೂರಿಸಿದರೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಅಳು ಬರುತ್ತದೆ. ತಾಯಿ ಧಾರೆ ಎರೆಯುವ ಶಾಸ್ತ್ರದಲ್ಲಿ ಇರುತ್ತಾಳೆ. ಆಗ ಆ ಮಗುವಿಗೆ ಸ್ವಂತದವಳು ಅಂತ ಒಬ್ಬಳು ಪಕ್ಕದಲ್ಲಿ ಬೇಕೇ ಬೇಕಿತ್ತು. ಕಳಸಗಿತ್ತಿಯ ಪದ್ಧತಿ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ. ಇವತ್ತು ಮದುಮಗಳಿಗೆ ಇಪ್ಪತ್ತೆಂಟು ವರ್ಷ ಆಗಿರಬಹುದು, ಆದರೂ ಆ ದಿನದ ದಿಗಿಲು ಕಡಿಮೆಯೇನೂ ಆಗಿಲ್ಲ.

ಈಗ ಅತ್ತೆಯ ಮಾತಿಗೆ ಬರೋಣ. ಅವರನ್ನು ಸುಮ್ನೆ ಮೂಢನಂಬಿಕೆಯವರು ಅಂತ ತಳ್ಳಿಹಾಕಬೇಡಿ. ಆ ಮಾತಿನ ಹಿಂದೆ ಎರಡು ಹಳೇ ವಿಚಾರಗಳು ಸೇರಿಕೊಂಡಿವೆ.

ಒಂದು, ಅಕ್ಕ ಇರುವಾಗ ತಂಗಿಗೆ ಮೊದಲು ಮದುವೆ ಆಗುವುದು. ಹಳೆಯ ಧರ್ಮಶಾಸ್ತ್ರಗಳು ಇದನ್ನು ಆಕ್ಷೇಪಿಸುತ್ತವೆ. ಅಣ್ಣನಿಗಿಂತ ಮೊದಲು ತಮ್ಮ ಮದುವೆಯಾಗುವುದನ್ನೂ ಆಕ್ಷೇಪಿಸುತ್ತವೆ. ಹಿರಿಯರ ಮನಸ್ಸಿನಲ್ಲಿ ಆ ಅಳುಕು ಇನ್ನೂ ಇದೆ. ಆದರೆ ನೋಡಿ, ಆ ಆಕ್ಷೇಪ ತಂಗಿಯ ಮದುವೆಗೇ ಅನ್ವಯಿಸಬೇಕು, ನೀವು ಕಳಸ ಹಿಡಿಯುವುದಕ್ಕಲ್ಲ. ಮನೆಯವರೆಲ್ಲ ಒಪ್ಪಿ, ಜಾತಕ ನೋಡಿ, ಲಗ್ನಪತ್ರಿಕೆ ಬರೆಸಿದ ಮೇಲೆ ಆ ಮಾತು ಅಲ್ಲಿಗೆ ಮುಗಿಯಿತು. ಅತ್ತೆಗೆ ನಿಜವಾಗಿ ಸಂಕಟ ಕೊಡುತ್ತಿರುವುದು, ನೀವು ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ನಿಂತಾಗ ಬಂದವರೆಲ್ಲ "ದೊಡ್ಡವಳಿಗೆ ಇನ್ನೂ ಆಗಿಲ್ವಾ?" ಅಂತ ಕೇಳುತ್ತಾರಲ್ಲ, ಅದು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಿಮ್ಮ ಅಮ್ಮ ಮತ್ತು ಅತ್ತೆ. ಅವರಿಗೆ ಅದು ಅವಮಾನದ ಹಾಗೆ ಕಾಣುತ್ತದೆ. ಹಾಗಂತ ನೇರವಾಗಿ ಹೇಳಲು ಬಾರದೆ, ಶಾಸ್ತ್ರದ ಹೆಸರು ಹೇಳುತ್ತಾರೆ.

ಎರಡನೆಯದು ಮುತ್ತೈದೆಯ ವಿಚಾರ. ಮದುವೆಯ ಮಂಗಳ ಕೆಲಸಗಳಿಗೆ ಗಂಡ ಇರುವ ಹೆಂಗಸರೇ ಬೇಕು ಅನ್ನುವುದು ನಿಜಕ್ಕೂ ಹಳೆಯದು. ಗೃಹ್ಯಸೂತ್ರ ಅಂದರೆ ಮನೆಯಲ್ಲಿ ನಡೆಸುವ ಸಂಸ್ಕಾರಗಳ ವಿಧಿ ಹೇಳುವ ಹಳೆಯ ಗ್ರಂಥ. ಶಾಂಖಾಯನ ಗೃಹ್ಯಸೂತ್ರದಲ್ಲೇ, ಮದುವೆಗೆ ಮುಂಚೆ ವಿಧವೆಯರಲ್ಲದ ನಾಲ್ಕೋ ಎಂಟೋ ಹೆಂಗಸರಿಗೆ ಊಟ ಕೊಟ್ಟು ಅವರಿಂದ ಕುಣಿಸಬೇಕು ಅನ್ನುವ ಮಾತಿದೆ. ಆದ್ದರಿಂದ ಇದನ್ನು ಯಾರೋ ಮೊನ್ನೆ ಹುಟ್ಟಿಸಿದ್ದು ಅಂತ ನಾನು ಹೇಳುವುದಿಲ್ಲ. ಗಂಡ ಸತ್ತ ಹೆಣ್ಣುಮಗಳನ್ನು ಸ್ವಂತ ಮಗಳ ಮದುವೆಯಲ್ಲೂ ಕಂಬದ ಹಿಂದೆ ನಿಲ್ಲಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಹಳೆಯದು ಅನ್ನುವ ಒಂದೇ ಕಾರಣಕ್ಕೆ ಸರಿ ಆಗುವುದಿಲ್ಲ. ಆ ತಾಯಿಯನ್ನು ಕರೆದು ಮುಂದೆ ನಿಲ್ಲಿಸಿದ ಮನೆಗಳೂ ಈಗ ಇವೆ, ಆ ಮಕ್ಕಳ ಸಂಸಾರ ಚೆನ್ನಾಗಿಯೇ ನಡೆಯುತ್ತಿದೆ. ನಿಮ್ಮ ವಿಷಯಕ್ಕಂತೂ ಇದು ತಾಗುವುದೇ ಇಲ್ಲ. ಮುತ್ತೈದೆಯ ಲೆಕ್ಕದಲ್ಲಿ ಕನ್ಯೆಯನ್ನು ಯಾರೂ ಹೊರಗಿಡುವುದಿಲ್ಲ. ಆರತಿ ತಟ್ಟೆ ಹಿಡಿಯಲು, ಕಳಸ ಹೊರಲು ಹೆಣ್ಣುಮಕ್ಕಳನ್ನು ಹುಡುಕಿ ಕರೆಯುತ್ತಾರೆ. ಹದಿನೆಂಟರ ಹುಡುಗಿ ಹಿಡಿದರೆ ಶುಭ, ಮೂವತ್ತೆರಡರವಳು ಹಿಡಿದರೆ ಅಶುಭ ಅನ್ನುವುದಕ್ಕೆ ಯಾವ ಪದ್ಧತಿಯ ಬೆಂಬಲವೂ ಇಲ್ಲ.

ಕಳಸ ಹಿಡಿದರೆ ಮದುವೆಯಾಗುವುದಿಲ್ಲ ಅನ್ನುವ ಮಾತು ಹಳ್ಳಿಯ ಅನುಭವಕ್ಕೆ ಪೂರ್ತಿ ಉಲ್ಟಾ. ಮೊದಲೆಲ್ಲ ವಯಸ್ಸಿಗೆ ಬಂದ ಹುಡುಗಿಯನ್ನು ಹತ್ತು ಊರಿನ ಜನ ನೋಡುತ್ತಿದ್ದುದೇ ಮದುವೆಮನೆಯಲ್ಲಿ. ಕಳಸ ಹಿಡಿದು ನಿಂತವಳನ್ನು ಗಂಡಿನ ಕಡೆಯ ನೆಂಟರು ನೋಡಿ, "ಆ ಹುಡುಗಿ ಯಾರ ಮಗಳು?" ಅಂತ ವಿಚಾರಿಸಿ, ಮುಂದಿನ ವರ್ಷ ಸಂಬಂಧ ಕೇಳಿಕೊಂಡು ಬಂದದ್ದು ಉಂಟು. ಇದನ್ನು ನಿಮಗೆ ಮದುವೆಯಾಗಲಿ ಅಂತ ಹೇಳುತ್ತಿಲ್ಲ. ಅದು ನಿಮ್ಮ ನಿರ್ಧಾರ. ಅತ್ತೆಗೆ ಹೇಳಲು ಒಂದು ಮಾತು ನಿಮ್ಮ ಕೈಯಲ್ಲಿರಲಿ ಅಂತ ಹೇಳಿದೆ.

"ಶಾಸ್ತ್ರದಲ್ಲಿ ಇದೆ" ಅಂತ ಯಾರಾದರೂ ಗಟ್ಟಿಯಾಗಿ ಹೇಳಿದರೆ, ಯಾವ ಶಾಸ್ತ್ರ ಅಂತ ವಿನಯದಿಂದಲೇ ಕೇಳಿ. ಪುರೋಹಿತರು ನಡೆಸುವ ಪಾಣಿಗ್ರಹಣ, ಲಾಜಾಹೋಮ, ಸಪ್ತಪದಿ ಇವುಗಳಲ್ಲಿ ಕಳಸಗಿತ್ತಿಗೆ ಮಂತ್ರವೂ ಇಲ್ಲ, ಕ್ರಿಯೆಯೂ ಇಲ್ಲ. ಲಾಜಾಹೋಮದಲ್ಲಿ ಅರಳು ಹಾಕುವ ಕೆಲಸ ಮದುಮಗಳ ಅಣ್ಣ ಅಥವಾ ತಮ್ಮನದ್ದು. ಕಳಸಗಿತ್ತಿ ಬರುವುದು ಹೆಂಗಸರು ನಡೆಸಿಕೊಂಡು ಬಂದ ಭಾಗದಿಂದ. ಆ ಭಾಗಕ್ಕೂ ಶಾಸ್ತ್ರಕಾರರು ಮರ್ಯಾದೆ ಕೊಟ್ಟಿದ್ದಾರೆ. ಆಶ್ವಲಾಯನ ಗೃಹ್ಯಸೂತ್ರ ಮದುವೆಯ ವಿಷಯ ಶುರುಮಾಡುವಾಗಲೇ, ಸೀಮೆ ಸೀಮೆಗೆ, ಊರೂರಿಗೆ ಪದ್ಧತಿ ಬೇರೆ ಇರುತ್ತದೆ, ಮದುವೆಯಲ್ಲಿ ಅದನ್ನೇ ಅನುಸರಿಸಿ ಅನ್ನುತ್ತದೆ. ಆಪಸ್ತಂಬ ಗೃಹ್ಯಸೂತ್ರ ಇನ್ನೂ ಮುಂದೆ ಹೋಗಿ, ರೂಢಿಯ ಕ್ರಮಗಳನ್ನು ಹೆಂಗಸರಿಂದಲೇ ತಿಳಿದುಕೊಳ್ಳಿ ಅನ್ನುತ್ತದೆ. ಅಂದರೆ ನಿಮ್ಮ ಮನೆಯ ಹೆಂಗಸರು ಕೂತು ಒಪ್ಪಿದರೆ ಅದೇ ಪದ್ಧತಿ. ಅತ್ತೆ ಒಬ್ಬರೇ ಅಲ್ಲ, ಅಜ್ಜಿ, ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ, ತಂಗಿ ಮತ್ತು ನೀವೂ ಆ ಹೆಂಗಸರಲ್ಲಿ ಸೇರಿದವರು.

ಕಾನೂನಿನ ಮಾತನ್ನೂ ಒಂದು ಸಾಲಿನಲ್ಲಿ ಮುಗಿಸುತ್ತೇನೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ಕೇಳುವುದು ಎರಡು ಕಡೆಯವರಲ್ಲಿ ಒಬ್ಬರ ರೂಢಿಯ ವಿಧಿಗಳು ನಡೆದಿವೆಯೇ ಅಂತ. ಸಪ್ತಪದಿ ಇದ್ದರೆ ಏಳನೇ ಹೆಜ್ಜೆಗೆ ಮದುವೆ ಪೂರ್ತಿ. ಕಳಸ ಯಾರ ಕೈಯಲ್ಲಿತ್ತು ಅನ್ನುವುದರಿಂದ ಮದುವೆಗೆ ಏನೂ ಆಗುವುದಿಲ್ಲ.

ಹುಡುಗನ ಕಡೆಯವರು ಕೇಳುತ್ತಿರುವುದು ಮಾತ್ರ ಸುಳ್ಳಲ್ಲ. ನಿಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಮದುಮಗನ ಅಕ್ಕನೋ ತಂಗಿಯೋ ಕಳಸಗಿತ್ತಿ. ಬೇರೆ ಮನೆಗಳಲ್ಲಿ ಹೆಣ್ಣಿನ ಕಡೆಯವಳು. ಎರಡೂ ಕಡೆಯಿಂದ ಒಬ್ಬೊಬ್ಬರು ನಿಲ್ಲುವ ಮನೆಗಳೂ ಬೇಕಾದಷ್ಟಿವೆ. ನಿಮ್ಮ ಕಡೆಯದ್ದೂ ಪದ್ಧತಿ, ಅವರದ್ದೂ ಪದ್ಧತಿ. ಹೀಗಿರುವಾಗ "ನಮ್ಮದೇ ಸರಿ" ಅಂತ ವಾದ ಮಾಡುವುದರಲ್ಲಿ ಅರ್ಥವಿಲ್ಲ. ಆ ಹುಡುಗಿ ನಾಳೆ ನಿಮ್ಮ ತಂಗಿಗೆ ನಾದಿನಿ. ಅವಳಿಗೆ ಮದುವೆಯ ದಿನ ಬೇಜಾರಾದರೆ ಅದರ ಬಿಸಿ ತಟ್ಟುವುದು ನಿಮ್ಮ ತಂಗಿಗೇ.

ನಾನು ನೋಡಿದ ಹಾಗೆ ಗಂಡಿನ ಕಡೆಯ ಕಳಸಗಿತ್ತಿಯ ವಿಷಯದಲ್ಲಿ ಮನಸ್ತಾಪ ಬರುವುದು ಕಳಸದಿಂದ ಅಲ್ಲ, ಸೀರೆಯಿಂದ. ಅವಳಿಗೆ ಹೆಣ್ಣಿನ ಮನೆಯವರು ಸೀರೆ, ಕುಪ್ಪಸದ ಕಣ ಕೊಡುವ ರೂಢಿ ಇದೆ. ನಿಮ್ಮ ಮಗಳಿಗೆ ಐದು ಸಾವಿರದ್ದು, ನಮ್ಮವಳಿಗೆ ಎರಡು ಸಾವಿರದ್ದು ಅಂತ ಮಾತು ಬರುತ್ತದೆ. ಇಬ್ಬರು ನಿಲ್ಲುವುದಾದರೆ ಇಬ್ಬರಿಗೂ ಒಂದೇ ಅಂಗಡಿಯಲ್ಲಿ, ಒಂದೇ ಬೆಲೆಯ ಸೀರೆ ತನ್ನಿ. ಸಾಧ್ಯವಾದರೆ ಆ ಹುಡುಗಿಯನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಅವಳೇ ಆರಿಸಲಿ. ಅವಳಿಗೆ ಸಿಗಬೇಕಾದ ದೊಡ್ಡ ಗೌರವ ಇನ್ನೊಂದು ಇದೆ, ಅದನ್ನು ನಿಮ್ಮ ಕಡೆಯವರು ಮರೆಯಬಾರದು. ಮನೆ ತುಂಬಿಸುವಾಗ ಬಾಗಿಲು ತಡೆಯುವವಳು ಅವಳೇ. ಅಣ್ಣ-ಅತ್ತಿಗೆಯನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಹೆಸರು ಹೇಳಿಸಿ, "ನಿನ್ನ ಮಗಳನ್ನ ನನ್ನ ಮಗನಿಗೆ ಕೊಡ್ತೀಯಾ?" ಅಂತ ಕೇಳಿ, ಉಡುಗೊರೆ ತಗೊಂಡು ದಾರಿ ಬಿಡುತ್ತಾಳೆ. ಸುಸ್ತಾಗಿ ಬಂದ ಹೊತ್ತಲ್ಲಿ ಇದನ್ನು ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ಹಾಗೆ ಮಾಡಬೇಡಿ ಅಂತ ತಂಗಿಗೆ ಮೊದಲೇ ಹೇಳಿಡಿ.

ಇನ್ನು ಒಂದೇ ಬಣ್ಣದ ಲೆಹೆಂಗಾ. ಪ್ಲಾನರ್ ಹೇಳಿದ ಕಥೆ ತುಂಬ ಕಡೆ ಓಡಾಡುತ್ತಿದೆ. ರೋಮನ್ ಕಾನೂನಿನಲ್ಲಿ ಹತ್ತು ಸಾಕ್ಷಿಗಳು ಬೇಕಿತ್ತು, ಅವರೆಲ್ಲ ಮದುಮಗಳ ಹಾಗೇ ಬಟ್ಟೆ ಹಾಕಿ ದುಷ್ಟಶಕ್ತಿಗಳನ್ನು ದಾರಿ ತಪ್ಪಿಸುತ್ತಿದ್ದರು ಅನ್ನುವುದು ಆ ಕಥೆ. ಅದರಲ್ಲಿ ನಿಜದ ಎಳೆ ಇಷ್ಟೇ: ರೋಮ್‌ನ ಒಂದು ಬಗೆಯ ಧಾರ್ಮಿಕ ಮದುವೆಗೆ, ಅಂದರೆ ಪುರೋಹಿತರು ನಡೆಸುವ ಮದುವೆಗೆ, ಹತ್ತು ಸಾಕ್ಷಿಗಳು ಬೇಕಿತ್ತು. ಅವರು ಮದುಮಗಳ ಗೆಳತಿಯರಲ್ಲ. ಅಲ್ಲಿ ಮದುಮಗಳ ಜೊತೆ ನಿಂತು ಗಂಡು ಹೆಣ್ಣಿನ ಕೈ ಕೂಡಿಸುತ್ತಿದ್ದವಳು ಮದುವೆಯಾದ, ಒಂದೇ ಮದುವೆ ಕಂಡ ಹಿರಿಯ ಗೃಹಿಣಿ. ನಮ್ಮ ಮುತ್ತೈದೆಯ ಲೆಕ್ಕವೇ. ಒಂದೇ ಬಣ್ಣದ ಬಟ್ಟೆಯ ಗೆಳತಿಯರ ಸಾಲು ಅಷ್ಟೊಂದು ಹಬ್ಬಿದ್ದರಲ್ಲಿ ಇಂಗ್ಲೆಂಡಿನ ರಾಜಮನೆತನದ ಮದುವೆಗಳ ಪಾಲು ದೊಡ್ಡದು. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯಲ್ಲಿ ಹನ್ನೆರಡು ಹುಡುಗಿಯರು ಬಿಳಿ ಬಟ್ಟೆ ತೊಟ್ಟು ಅವಳ ಉದ್ದನೆಯ ಸೆರಗನ್ನು ಎತ್ತಿ ಹಿಡಿದಿದ್ದರು.

ಅದಿರಲಿ, ಜೊತೆಗಾರ್ತಿ ಅನ್ನುವ ಪದ್ಧತಿ ಕರ್ನಾಟಕದಲ್ಲೇ ಬೇರೆ ಬೇರೆ ರೂಪದಲ್ಲಿ ಇದೆ. ಕೊಡವರಲ್ಲಿ ಮದುಮಗನಿಗೆ ಬೋಜಕಾರ, ಮದುಮಗಳಿಗೆ ಬೋಜಕಾರ್ತಿ. ಮಂಗಳೂರಿನ ಕ್ಯಾಥೋಲಿಕರಲ್ಲಿ ಮದುಮಗಳ ಪಕ್ಕ ನಿಲ್ಲುವವಳು ದೇಡಿ. ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚುವಾಗಲೂ ಅವಳು ಜೊತೆಗೆ ಕೂರುತ್ತಾಳೆ. ಚರ್ಚಿನ ಮದುವೆಗೆ ಪಾದ್ರಿಯ ಜೊತೆ ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಸಾಮಾನ್ಯವಾಗಿ ಜೊತೆಗೆ ನಿಂತವರೇ ರಿಜಿಸ್ಟರಿಗೆ ಸಹಿ ಹಾಕುತ್ತಾರೆ. ಅಲ್ಲಿ ಅದು ಬರೀ ಅಲಂಕಾರ ಅಲ್ಲ.

ಗೆಳತಿಯರು ಒಂದೇ ಬಣ್ಣ ಉಟ್ಟು ಸಂಭ್ರಮಿಸುವುದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ನನ್ನ ಆಕ್ಷೇಪ ಇರುವುದು ದುಡ್ಡಿನ ವಿಷಯದಲ್ಲಿ. ಅಮೆರಿಕದಲ್ಲಿ ಗೆಳತಿಯರು ತಮ್ಮ ಬಟ್ಟೆಗೆ ತಾವೇ ದುಡ್ಡು ಹಾಕುವುದು ರೂಢಿ. ನಮ್ಮಲ್ಲಿ ಪದ್ಧತಿ ತದ್ವಿರುದ್ಧ, ಜೊತೆಗೆ ನಿಂತವಳಿಗೆ ಮನೆಯವರು ಸೀರೆ ಕೊಟ್ಟು ಕಳಿಸುತ್ತಾರೆ. ಐದು ಜನರಲ್ಲಿ ಒಬ್ಬಳಿಗಾದರೂ 12,000 ರೂಪಾಯಿ ಕಷ್ಟವಾಗುತ್ತದೆ. ಅವಳು ಬಾಯಿಬಿಟ್ಟು ಹೇಳುವುದಿಲ್ಲ. ಸಾಲ ಮಾಡಿ ಹೊಲಿಸುತ್ತಾಳೆ, ಇಲ್ಲದಿದ್ದರೆ ಏನೋ ನೆಪ ಹೇಳಿ ಮದುವೆಗೇ ಬರುವುದಿಲ್ಲ. ನೀವು ಕೊಡಿಸುವ ಹಾಗಿದ್ದರೆ ಕೊಡಿಸಿ. ಇಲ್ಲದಿದ್ದರೆ "ಎಲ್ಲರೂ ಹಸಿರು ಸೀರೆ ಉಟ್ಟುಕೊಂಡು ಬನ್ನಿ" ಅಂತ ಹೇಳಿ. ಹಸಿರು ಸೀರೆ ಎಲ್ಲರ ಬೀರುವಿನಲ್ಲೂ ಒಂದಿರುತ್ತದೆ. ಬಣ್ಣದ ಛಾಯೆ ಸ್ವಲ್ಪ ಬೇರೆಯಾದರೂ ಫೋಟೋದಲ್ಲಿ ಚೆನ್ನಾಗಿಯೇ ಬರುತ್ತದೆ. ಇನ್ನೊಂದು, ಧಾರೆಯ ಹೊತ್ತಲ್ಲಿ ಈ ಐವರನ್ನೂ ಮಂಟಪಕ್ಕೆ ಹತ್ತಿಸಬೇಡಿ. ಅಲ್ಲಿ ಜಾಗ ಇರುವುದಿಲ್ಲ, ಹೋಮಕುಂಡದ ಪಕ್ಕ ಘೇರಿನ ಲೆಹೆಂಗಾ ಅಪಾಯ. ಆರತಕ್ಷತೆಯಲ್ಲಿ ಅವರು ಎಷ್ಟು ಬೇಕಾದರೂ ಮೆರೆಯಲಿ.

ಹಾಗಾದರೆ ನಿಮ್ಮ ಮುಂದಿರುವ ದಾರಿ ಏನು? ತಂಗಿಯ ಮಾತಿಗೆ ಹೂಂ ಅಂದು, ನೀವೊಬ್ಬರೇ ಕಳಸಗಿತ್ತಿ ಆಗುವುದು ಒಂದು. ಇದರಲ್ಲಿ ನಿಮಗೂ ತಂಗಿಗೂ ಸಂತೋಷ ಪೂರ್ತಿ. ಆದರೆ ಗಂಡಿನ ಕಡೆಯವರಿಗೆ ನಾವು ಕೇಳಿದ್ದನ್ನು ಕೊಡಲಿಲ್ಲ ಅನ್ನಿಸುತ್ತದೆ, ಅತ್ತೆ ಮದುವೆಯುದ್ದಕ್ಕೂ ಮುಖ ಊದಿಸಿಕೊಂಡಿರುತ್ತಾರೆ. ಅದನ್ನು ಸಹಿಸುವ ಶಕ್ತಿ ತಂಗಿಗೆ ಇದೆಯೇ ಅಂತ ಅವಳನ್ನೇ ಕೇಳಿ.

ನಾನು ಜಾಸ್ತಿ ಮನೆಗಳಿಗೆ ಹೇಳುವುದು ಎರಡು ಕಳಸ. ನಿಮ್ಮ ಕಡೆಯಿಂದ ನೀವು, ಅವರ ಕಡೆಯಿಂದ ಅವರ ಹುಡುಗಿ. ಖರ್ಚು ಒಂದು ಚೊಂಬು, ಒಂದು ತೆಂಗಿನಕಾಯಿ, ಒಂದು ಸೀರೆ. ನೀವು ಮದುಮಗಳ ಪಕ್ಕ, ಅವಳು ಮದುಮಗನ ಪಕ್ಕ. ಯಾರು ಎಲ್ಲಿ ನಿಲ್ಲಬೇಕು ಅಂತ ಪುರೋಹಿತರಿಗೂ ಫೋಟೋಗ್ರಾಫರಿಗೂ ಮೊದಲೇ ತಿಳಿಸದಿದ್ದರೆ ಮಂಟಪದಲ್ಲಿ ನೂಕಾಟ ಆಗುತ್ತದೆ. ಇದರಲ್ಲಿರುವ ತೊಂದರೆ ಅದೊಂದೇ.

ಅಜ್ಜಿಯಂಥ ಹಿರಿಯರೇ ತೀರಾ ಹೆದರಿಕೊಂಡಿದ್ದರೆ ಇನ್ನೊಂದು ದಾರಿ ಇದೆ. ದಿಬ್ಬಣದಲ್ಲಿ ಮತ್ತು ಹಸೆಮಣೆಗೆ ಬರುವಾಗ ಮನೆಯ ಒಬ್ಬ ಪುಟ್ಟ ಹುಡುಗಿ ಕಳಸ ಹಿಡಿಯಲಿ. ತಂಗಿಯ ಪಕ್ಕ ನಿಲ್ಲುವವರು, ಅವಳ ಬೇಕುಬೇಡ ನೋಡುವವರು ನೀವು. ಕೆಲಸ ಪೂರ್ತಿ ನಿಮ್ಮದೇ, ಚೊಂಬು ಮಾತ್ರ ಮಗುವಿನ ಕೈಯಲ್ಲಿ. ಇದನ್ನು ಸೋಲು ಅಂದುಕೊಳ್ಳಬೇಡಿ. ಆದರೆ ಒಂದು ಎಚ್ಚರ. "ಇವಳಿಗೆ ಮದುವೆಯಾಗಿಲ್ಲ, ಅದಕ್ಕೆ ಮಗುವಿಗೆ ಕೊಟ್ಟೆವು" ಅಂತ ಅತ್ತೆ ಹತ್ತು ಜನರ ಮುಂದೆ ಹೇಳುವ ಹಾಗಿದ್ದರೆ ಈ ದಾರಿಯಿಂದ ನಿಮಗೆ ಅವಮಾನವೇ ಹೆಚ್ಚು. ಹಾಗೆ ಹೇಳಬಾರದು ಅಂತ ಅಮ್ಮನ ಕೈಯಲ್ಲಿ ಮೊದಲೇ ಮಾತು ತಗೊಳ್ಳಿ.

ಪೂರ್ತಿ ಹಿಂದೆ ಸರಿದು ಕೆಳಗೆ ಕುರ್ಚಿಯಲ್ಲಿ ಕೂರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಜಗಳ ತಪ್ಪಲಿ ಅಂತ ಸರಿದ ಅಕ್ಕಂದಿರನ್ನು ನೋಡಿದ್ದೇನೆ. ಮದುಮಗಳು ತಾಳಿ ಕಟ್ಟಿಸಿಕೊಳ್ಳುವ ಹೊತ್ತಲ್ಲೂ ಕಣ್ಣಲ್ಲೇ ಅಕ್ಕನನ್ನು ಹುಡುಕುತ್ತಿರುತ್ತಾಳೆ. ತಂಗಿ ಕೇಳಿಕೊಂಡಿದ್ದಾಳೆ. ಆ ದಿನ ಅವಳ ಮಾತಿಗೆ ಇರುವ ತೂಕ ಬೇರೆ ಯಾರ ಮಾತಿಗೂ ಇಲ್ಲ.

ಅತ್ತೆಯ ಹತ್ತಿರ ಮಾತಾಡುವುದು ನೀವಲ್ಲ, ನಿಮ್ಮ ಅಪ್ಪ. ಅವರು ಅಣ್ಣನೋ ತಮ್ಮನೋ ಆಗಬೇಕಲ್ಲ, ಒಡಹುಟ್ಟಿದವರ ಮಾತು ಬೇರೆಯೇ ರೀತಿ ಕೇಳಿಸುತ್ತದೆ. "ಅಕ್ಕಾ, ಮಗು ಆಸೆಪಟ್ಟಿದೆ, ನೀನು ಮುಂದೆ ನಿಂತು ಕಳಸಕ್ಕೆ ಅರಿಶಿನ ಕುಂಕುಮ ಇಟ್ಟು ಇವಳ ಕೈಗೆ ಕೊಡು" ಅಂತ ಕೇಳಲಿ. ಅತ್ತೆಯ ಕೈಯಿಂದಲೇ ಕಳಸ ನಿಮ್ಮ ಕೈಗೆ ಬಂದರೆ ನಾಳೆ ಬೆರಳು ತೋರಿಸುವವರು ಯಾರೂ ಇರುವುದಿಲ್ಲ. ನಿಮ್ಮ ಮೂಲ ಭಯಕ್ಕೆ ನನಗೆ ಗೊತ್ತಿರುವ ಒಳ್ಳೆಯ ಮದ್ದು ಇದೇ. ಎಷ್ಟೋ ಮನೆಗಳಲ್ಲಿ ಇದು ಕೆಲಸ ಮಾಡಿದೆ.

ಹಿಡಿಯುವುದು ಖಚಿತವಾದ ಮೇಲೆ ಕೆಲವು ಮಾತು. ಚೊಂಬಿಗೆ ಕಂಠದವರೆಗೆ ನೀರು ತುಂಬಿಸಬೇಡಿ, ಅರ್ಧ ಸಾಕು. ತುಂಬಿದ ಚೊಂಬು, ಕಾಯಿ, ಅಕ್ಕಿ, ತಟ್ಟೆ ಸೇರಿದರೆ ಹತ್ತು ನಿಮಿಷಕ್ಕೆ ತೋಳು ನಡುಗಲು ಶುರುವಾಗುತ್ತದೆ. ಚೊಂಬಿನ ಬಾಯಿಗೆ ಸರಿಯಾಗಿ ಕೂರುವ ಕಾಯಿಯನ್ನು ಹಿಂದಿನ ದಿನವೇ ಆರಿಸಿ, ಅಲುಗಾಡಿದರೆ ಅರಿಶಿನದ ದಾರದಿಂದ ಕಟ್ಟಿಬಿಡಿ. ಕಾಯಿ ಜಾರಿ ಬಿದ್ದರೆ ಅಪಶಕುನ ಅಂತ ಗಲಾಟೆ ಶುರುವಾಗುತ್ತದೆ. ತಟ್ಟೆಯಲ್ಲಿ ದೀಪ ಇದ್ದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಧಾರೆಯವರೆಗೆ ಉಪವಾಸ ಇರುವ ಮನೆ ನಿಮ್ಮದಾದರೆ, ತಂಗಿ ಹಾಲು, ಎಳನೀರು, ಬಾಳೆಹಣ್ಣು ತಗೊಳ್ಳಬಹುದೇ ಅಂತ ಪುರೋಹಿತರನ್ನು ಮುಂಚೆಯೇ ಕೇಳಿ. ಬಹಳಷ್ಟು ಪುರೋಹಿತರು ಬೇಡ ಅನ್ನುವುದಿಲ್ಲ, ಕೇಳುವವರೇ ಇರುವುದಿಲ್ಲ. ಮತ್ತೆ, ಮುಯ್ಯಿಯ ಕವರುಗಳನ್ನು ನೀವು ಇಟ್ಟುಕೊಳ್ಳಬೇಡಿ. ಸ್ಟೇಜಿನ ಮೇಲೆ ಇದ್ದೀರಿ ಅಂತ ಎಲ್ಲರೂ ನಿಮ್ಮ ಕೈಗೇ ತುರುಕುತ್ತಾರೆ. ಪುಸ್ತಕದಲ್ಲಿ ಮುಯ್ಯಿ ಬರೆಯಲು ಚಿಕ್ಕಪ್ಪನನ್ನೋ ಮಾವನನ್ನೋ ಕೂರಿಸಿ, ಕವರು ನೇರವಾಗಿ ಅವರ ಹತ್ತಿರ ಹೋಗಲಿ. ಒಡವೆಗೂ ಹಾಗೆಯೇ. ತಂಗಿ ಏನೇನು ಹಾಕಿಕೊಂಡಳು ಅಂತ ಬೆಳಗ್ಗೆಯೇ ಒಂದು ಚೀಟಿ ಬರೆದು, ಬಿಚ್ಚುವಾಗ ಅಮ್ಮನ ಮುಂದೆ ಲೆಕ್ಕ ಹಾಕಿ ಒಪ್ಪಿಸಿ.

ಕೊನೆಗೆ ಮುಟ್ಟಿನ ವಿಷಯ. ಆ ದಿನಗಳಲ್ಲಿ ಕಳಸ ಮುಟ್ಟಬಾರದು ಅನ್ನುವ ರೂಢಿ ಇರುವುದು ನಿಜ. ಅದನ್ನು ಪಾಲಿಸಬೇಕೋ ಬೇಡವೋ ಅನ್ನುವುದು ನಿಮ್ಮ ಮನೆಯ ಮತ್ತು ನಿಮ್ಮ ಮನಸ್ಸಿನ ವಿಷಯ. ಪಾಲಿಸುವ ಮನೆಯಾದರೆ ಮೇಲೆ ಹೇಳಿದ ಪುಟ್ಟ ಹುಡುಗಿಯ ದಾರಿಯನ್ನು ಹೇಗೂ ತಯಾರಿಟ್ಟುಕೊಳ್ಳಿ. ಕಳಸ ಆ ಮಗುವಿನ ಕೈಗೆ ಹೋಗಲಿ, ನೀವು ತಂಗಿಯ ಪಕ್ಕದಿಂದ ಕದಲಬೇಡಿ. ಅದನ್ನು ಊರಿಗೆಲ್ಲ ಹೇಳುವ ಅಗತ್ಯವೂ ಇಲ್ಲ. ಮಾತ್ರೆಯೇ ಬೇಕು ಅನ್ನಿಸಿದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳಬೇಡಿ, ನೆರೆಮನೆಯವರು ನುಂಗಿದ್ದನ್ನೂ ನುಂಗಬೇಡಿ. ಮುಟ್ಟು ಮುಂದೂಡುವ ಮಾತ್ರೆ ಹಾರ್ಮೋನಿನದ್ದು. ಅದನ್ನು ಮುಟ್ಟು ಬರುವ ಕೆಲವು ದಿನ ಮುಂಚೆಯೇ ಶುರುಮಾಡಬೇಕು, ಬಂದ ಮೇಲೆ ತಗೊಂಡರೆ ಪ್ರಯೋಜನವಿಲ್ಲ. ನಿಮಗೋ ಮನೆಯವರಿಗೋ ರಕ್ತ ಹೆಪ್ಪುಗಟ್ಟಿದ ತೊಂದರೆ ಆಗಿದ್ದರೆ, ನಿಮಗೆ ಕಣ್ಣು ಮಂಜಾಗಿ ಬರುವ ಅರೆತಲೆನೋವು, ಲಿವರಿನ ಕಾಯಿಲೆ ಇದ್ದರೆ ಅದು ಅಪಾಯವಾಗಬಹುದು. ಹೊಟ್ಟೆ ಉಬ್ಬರ, ತಲೆನೋವು, ಮಧ್ಯೆ ಸ್ವಲ್ಪ ರಕ್ತ ಕಾಣಿಸುವುದು ಇವೆಲ್ಲ ಆಗಬಹುದು, ಮದುವೆಯ ದಿನ ಅದೇ ದೊಡ್ಡ ತೊಂದರೆ. ಜನವರಿಯಲ್ಲೇ ಒಬ್ಬ ಸ್ತ್ರೀರೋಗ ತಜ್ಞರನ್ನು ನೋಡಿ, ಮದುವೆಯ ದಿನಾಂಕ ಮತ್ತು ಹಿಂದಿನ ಮೂರು ತಿಂಗಳ ಮುಟ್ಟಿನ ದಿನಾಂಕಗಳನ್ನು ಬರೆದುಕೊಂಡು ಹೋಗಿ. ಅವರು ಬೇಡ ಅಂದರೆ ಬಿಟ್ಟುಬಿಡಿ.